ಎದ್ದವರು ಔಟ್

ಲಗ್ಗೆರೆಯ ವಠಾರದಲ್ಲಿದ್ದ ಕಾಲಕ್ಕೆ ನನಗೊಂದು ರಾಜ್ಯವಿತ್ತು ಅಂದರೆ ನಗಬೇಡಿ. ಆ ರಾಜ್ಯ ಅಂದರೆ ನೆಲ. ಎರಡೂ ಕಡೆ ಒಂದೊಂದು ಕೋಣೆಯ ಮನೆಗಳು, ನಡುವೆ ರೆಡ್ ಆಕ್ಸೈಡ್ ಬಳಿದ ಉದ್ದನೆಯ ಹಾದಿ, ತುದಿಯಲ್ಲಿ ನಲ್ಲಿ. ಹುಟ್ಟಿದಾಗಿನಿಂದ ನನ್ನ ಕಾಲುಗಳಿಗೆ ಶಕ್ತಿಯಿಲ್ಲ. ಅಂಗೈ ಊರಿ, ಸೊಂಟ ಎಳೆದುಕೊಂಡು ಆ ನುಣುಪು ನೆಲದ ಮೇಲೆ ನಾನು ಹೋಗುತ್ತಿದ್ದ ವೇಗಕ್ಕೆ ಬಿಂದಿಗೆ ಹಿಡಿದ ಹೆಂಗಸರು, "ಏಯ್, ನೋಡ್ಕೊಂಡ್ ಹೋಗೇ, ಕಣ್ಣಿಲ್ವಾ!" ಎಂದು ಬದಿಗೆ ಸರಿಯುತ್ತಿದ್ದರು. ಯಾರೂ ಪಾಪ ಅನ್ನುತ್ತಿರಲಿಲ್ಲ, ಬೈಯುತ್ತಿದ್ದರು. ಬೈಸಿಕೊಳ್ಳುವುದು ಎಂಥ ಸುಖ ಅಂತ ಆಗ ನನಗೆ ಗೊತ್ತಿರಲಿಲ್ಲ.

ಅಪ್ಪ ಕೊಪ್ಪಳದ ಕಡೆಯಿಂದ ಪೀಣ್ಯಕ್ಕೆ ಲೇತ್ ಕೆಲಸಕ್ಕೆ ಬಂದವನು; ಅವನ ಅಂಗಿಗೆ ಸದಾ ಮೆಷಿನ್ ಎಣ್ಣೆಯ ವಾಸನೆ. ಅವ್ವ ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿಯುತ್ತಿದ್ದಳು. ಅವರು ಬರುವವರೆಗೆ ನನಗೆ ಜೊತೆ ಅಂದರೆ ಚಂದನಾ, ಮಹಡಿಯಲ್ಲಿದ್ದ ಓನರ್ ಮಗಳು. ಶಾಲೆಯಿಂದ ಬಂದವಳೇ ಬ್ಯಾಗು ಮೆಟ್ಟಿಲ ಮೇಲೆ ಎಸೆದು ನನ್ನ ಪಕ್ಕ ನೆಲಕ್ಕೆ ಕೂರುತ್ತಿದ್ದಳು. ಕೂತೇ ಆಡುವ ಮುಟ್ಟಾಟ ಹುಟ್ಟಿಸಿದವಳು ಅವಳೇ. ನನ್ನ ಮೇಲಿನ ಕನಿಕರಕ್ಕಲ್ಲ. ಓಡುವ ಆಟದಲ್ಲಿ ಅವಳು ಯಾವಾಗಲೂ ಸೋಲುತ್ತಿದ್ದಳು, ಅದಕ್ಕೆ. ಆಟಕ್ಕೆ ಒಂದೇ ರೂಲು: ಕುಂಡಿ ನೆಲ ಬಿಟ್ಟು ಏಳಬಾರದು.

"ಎದ್ದವ್ರು ಔಟ್ ಕಣ್ರೋ!" ಎಂದು ಅವಳು ಕೂಗಿದರೆ ವಠಾರದ ಮಕ್ಕಳೆಲ್ಲ ದೊಪ್ಪನೆ ಕೂತು ತೆವಳಲು ಶುರು. ಎಲ್ಲರ ಚಡ್ಡಿಯ ಹಿಂದೆ ಕೆಂಪು ಬಣ್ಣ. ನನ್ನನ್ನು ಮುಟ್ಟಲು ಒಬ್ಬರಿಗೂ ಆಗುತ್ತಿರಲಿಲ್ಲ.

"ಲೇ ರೇಣು, ಮೋಸಗಾರ್ತಿ! ನಿಂಗೆ ದಿನಾ ಪ್ರಾಕ್ಟೀಸ್ ಇದೆ!" ಎಂದು ಚಂದನಾ ಜಗಳಕ್ಕೆ ಬರುತ್ತಿದ್ದಳು. ಆಹಾ, ಎಂಥ ಜಗಳ! ಕೂದಲು ಹಿಡಿದು ಎಳೆದಾಡುತ್ತಿದ್ದೆವು.

ಆ ಬೇಸಿಗೆ ಅವಳ ಹುಟ್ಟುಹಬ್ಬ ಬಂತು. ಮಹಡಿಯ ಹಾಲ್‌ನಲ್ಲಿ ಜೋರು ಪಾರ್ಟಿ, ನೆಂಟರಿಷ್ಟರು, ವಠಾರದ ಮಕ್ಕಳೆಲ್ಲರಿಗೂ ಕರೆ. ಕೇಕಿನ ಮೇಲೆ ತೂಗುಬಿಡುವ ದೊಡ್ಡ ಬಲೂನು ನಿಮಗೂ ನೆನಪಿರಬೇಕು. ಒಳಗೆ ಥರ್ಮೋಕೋಲ್ ಕಾಳು, ಚಾಕೊಲೇಟು. ಸೂಜಿ ಚುಚ್ಚಿದರೆ ಎಲ್ಲ ಸುರಿದು, ಮಕ್ಕಳೆಲ್ಲ ಮುಗಿಬೀಳುತ್ತವೆ.

"ಒಡೆದ ತಕ್ಷಣ ನೀನು ಟೇಬಲ್ ಕೆಳಗೆ ನುಗ್ಗಿ ಬಾಚ್ಕೋ, ನಾನು ಈ ಕಡೆ ಬಾಚ್ತೀನಿ. ಆಮೇಲೆ ಅರ್ಧ ಅರ್ಧ," ಎಂದು ಚಂದನಾ ಪ್ಲಾನ್ ಹಾಕಿದಳು. ನನಗೆ ಕೇಕಿನ ಆಸೆಯೂ ಇರಲಿಲ್ಲ, ಹೊಸ ಫ್ರಾಕಿನದೂ ಇರಲಿಲ್ಲ. ನನ್ನ ಕೈಯಾರೆ ಬಾಚಬೇಕು, ಎಲ್ಲರಿಗಿಂತ ಜಾಸ್ತಿ ಬಾಚಬೇಕು, ಅಷ್ಟೇ.

ಅವ್ವ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಮೇಲೆ ಹತ್ತಿದಳು. ಎಗ್ ಪಫ್ಸಿನ ಬಿಸಿ ವಾಸನೆ, ಊದುಬತ್ತಿಯ ಹೊಗೆ. ಹಾಲ್ ತುಂಬ ಬಿಳಿ ಟೈಲ್ಸ್! ನಮ್ಮ ಹಾದಿಗಿಂತ ನುಣ್ಣಗೆ. ನೋಡಿದ ಕೂಡಲೇ ನನ್ನ ಅಂಗೈ ತುರಿಸಿತು. ಅವ್ವ ಇನ್ನೇನು ನನ್ನನ್ನು ಇಳಿಸಬೇಕು, ಚಂದನಾಳ ಅಮ್ಮ ಓಡಿ ಬಂದರು.

"ಅಯ್ಯೋ, ನೆಲದ ಮೇಲೆ ಬೇಡ ಕಣ್ರೀ, ಬಂದೋರು ಏನಂದ್ಕೋತಾರೆ? ಪುಟ್ಟಿಗೆ ಅಂತಾನೇ ಸ್ಪೆಷಲ್ ಚೇರ್ ಹಾಕ್ಸಿದೀನಿ."

ಬಿಳಿ ಬಟ್ಟೆ ಹೊದಿಸಿ, ರಿಬ್ಬನ್ ಕಟ್ಟಿದ ಕುರ್ಚಿ. ಅದೂ ಕೇಕಿನ ಪಕ್ಕದಲ್ಲೇ. ಆಂಟಿ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಒಳ್ಳೆಯದಿತ್ತು, ಬೈದುಕೊಂಡಾದರೂ ಇರಬಹುದಿತ್ತು. ಮೊದಲ ತುಂಡು ನನಗೇ ತಿನ್ನಿಸಬೇಕೆಂದರು. "ತಿನ್ನಿಸು ಚಂದು, ಇಲ್ಲಿ ಕ್ಯಾಮೆರಾ ನೋಡು." ನಾವಿಬ್ಬರೂ ಕಿತ್ತುಕೊಂಡು ತಿಂದವರೇ ಹೊರತು ಒಬ್ಬರಿಗೊಬ್ಬರು ತಿನ್ನಿಸಿದವರಲ್ಲ. ಕ್ರೀಮು ಮೂಗಿಗೆ ಮೆತ್ತಿತು. ಹಿಂದೆ ಯಾರೋ "ಪಾಪ, ಎಷ್ಟು ಲಕ್ಷಣವಾಗಿದೆ ಮಗು" ಎಂದರು.

ಢಮ್ ಅಂತ ಬಲೂನು ಒಡೆಯಿತು.

"ಅವ್ವಾ, ಇಳಿಸು!"

"ಇಳೀಬ್ಯಾಡ. ಸುಮ್ಕ ಕುಂಡ್ರು, ಮಂದಿ ನೋಡಾಕತ್ತಾರ," ಎಂದು ಅವ್ವ ನನ್ನ ಭುಜ ಒತ್ತಿ ಹಿಡಿದಳು. ನಮ್ಮ ಹಾದಿಯಲ್ಲಿ ದಿನವೂ ತೆವಳುವ ಮಗಳನ್ನು ನೋಡಿ ನಾಚದವಳು ಅಲ್ಲಿ ನಾಚಿದಳು. ಅದು ನನಗೆ ಇವತ್ತಿಗೂ ಉರಿಯುತ್ತದೆ. ನಾನು ಅವಳ ಕೈಯಡಿಯಿಂದ ನುಣುಚಿ ದೊಪ್ಪನೆ ಇಳಿದೆ. ಟೇಬಲ್ ಕೆಳಗೆ ನುಗ್ಗಿ ಎರಡೂ ಕೈ ತುಂಬ ಬಾಚಿದೆ. ಚಂದನಾ ನನ್ನನ್ನು ನೋಡಿದವಳೇ ರೇಷ್ಮೆ ಲಂಗದಲ್ಲೇ ಧೊಪ್ಪೆಂದು ಕೂತು ಕಿರುಚಿದಳು: "ಎದ್ದವ್ರು ಔಟ್!"

ವಠಾರದ ಮಕ್ಕಳೆಲ್ಲ ಕೂತವು. ನೆಂಟರ ಮಕ್ಕಳು ಕಕ್ಕಾಬಿಕ್ಕಿಯಾಗಿ ನಿಂತವು. ನಾವು ಕೇಕೆ ಹಾಕುತ್ತ ಆ ಬಿಳಿ ನೆಲದ ಮೇಲೆ ತೆವಳಿದೆವು. ಅಷ್ಟು ಖುಷಿ ನನಗೆ ಆಮೇಲೆ ಯಾವತ್ತೂ ಆಗಿಲ್ಲ.

"ಅಯ್ಯಯ್ಯೋ, ಮಗು ಬಿದ್ಬಿಡ್ತು!" ಎಂದು ಆಂಟಿ ಕೂಗಿದರು. ನಾನು ಬಿದ್ದಿರಲಿಲ್ಲ. ಇವತ್ತೂ ಹೇಳುತ್ತೇನೆ, ನಾನು ಬಿದ್ದಿರಲಿಲ್ಲ. ಯಾರೋ ಮಾವ ನನ್ನ ಕಂಕುಳಿಗೆ ಕೈ ಹಾಕಿ ಎತ್ತಿದ ರಭಸಕ್ಕೆ ಬಾಚಿದ್ದೆಲ್ಲ ಚೆಲ್ಲಿಹೋಯಿತು. ಮತ್ತೆ ಅದೇ ಕುರ್ಚಿ. ಇತ್ತ ಆಂಟಿ ಚಂದನಾಳ ರಟ್ಟೆ ಹಿಡಿದು ಎಬ್ಬಿಸಿ ಬೆನ್ನಿಗೊಂದು ಬಿಟ್ಟರು.

"ಕಾಲಿಲ್ಲದ ಮಗೂನ ಅಣಕಿಸ್ತೀಯಾ? ನಾಚಿಕೆ ಆಗಲ್ವಾ? ಸಾರಿ ಕೇಳು!"

"ಅಣಕಿಸ್ಲಿಲ್ಲ ಆಂಟಿ, ಅದು ನಮ್ಮಾಟ," ಎಂದೆ.

"ನೋಡಿ, ಎಷ್ಟು ದೊಡ್ಡ ಮನಸ್ಸು! ಅವರನ್ನೇ ವಹಿಸ್ಕೊಂಡು ಮಾತಾಡ್ತಿದೆ," ಎಂದು ಆಂಟಿ ಕಣ್ಣೊರೆಸಿಕೊಂಡರು.

ತನ್ನ ಹುಟ್ಟುಹಬ್ಬದ ದಿನ ಚಂದನಾ ಬಿಕ್ಕುತ್ತ ನನಗೆ ಸಾರಿ ಕೇಳಿದಳು. ಮಕ್ಕಳೆಲ್ಲ ಸಾಲಾಗಿ ಬಂದು ತಮ್ಮ ತಮ್ಮ ಚಾಕೊಲೇಟು ನನ್ನ ಮಡಿಲಿಗೆ ಸುರಿದರು. ಮಡಿಲು ತುಂಬಿತು. "ಭಾಳ ಉಪಕಾರ ಆತ್ರೀ," ಎಂದು ಅವ್ವ ಆಂಟಿಗೆ ಕೈ ಮುಗಿದಳು.

ಮಾರನೆಯ ದಿನದಿಂದ ಯಾರೂ ನೆಲಕ್ಕೆ ಕೂರಲಿಲ್ಲ. ರೇಣುನ ಅಣಕಿಸಬಾರದು ಅಂತ ಮನೆಮನೆಯಲ್ಲೂ ಮಕ್ಕಳಿಗೆ ಹೇಳಿ ಕಳಿಸಿದ್ದರು. ಚಂದನಾ ಬಂದು ಬಾಗಿಲಲ್ಲಿ ನಿಂತು, ಆಸ್ಪತ್ರೆಗೆ ಬಂದವರ ಹಾಗೆ "ಹೇಗಿದೀಯಾ ರೇಣು?" ಎಂದಳು. ನಿಂತೇ ಕೇಳಿದಳು, ನಿಂತೇ ಹೊರಟಳು.

ಈಗ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ. ಒಳ್ಳೆಯ ಗಾಲಿಕುರ್ಚಿ ಇದೆ, ಆಫೀಸಿಗೆ ರ‍್ಯಾಂಪ್ ಇದೆ. ಯಾರ ಹುಟ್ಟುಹಬ್ಬವಾದರೂ ಕೇಕು ನನ್ನ ಟೇಬಲ್ಲಿಗೇ ಬರುತ್ತದೆ. "ನೀವ್ಯಾಕೆ ಮೇಡಂ ತೊಂದ್ರೆ ತಗೋತೀರಾ, ನಾವೇ ಬರ್ತೀವಿ." ಒಳ್ಳೆಯ ಜನ. ಒಬ್ಬರೂ ನನ್ನ ಜೊತೆ ಜಗಳವಾಡುವುದಿಲ್ಲ. ಮೊನ್ನೆ ಮನೆಯಲ್ಲಿ ಮಂಚದ ಕೆಳಗೆ ಹೋದ ಚಾರ್ಜರ್ ತೆಗೆಯಲು ನೆಲಕ್ಕಿಳಿದೆ. ಅಂಗೈ ಊರಿದೆ. ಮೈ ಅಲುಗಲಿಲ್ಲ. ತೋಳು ಆ ವಿದ್ಯೆಯನ್ನೇ ಮರೆತಿದೆ.

ಚಂದನಾ ಪ್ರತಿ ವರ್ಷ ತಪ್ಪದೆ ನನ್ನ ಹುಟ್ಟುಹಬ್ಬಕ್ಕೆ ಮೆಸೇಜ್ ಹಾಕುತ್ತಾಳೆ. ಈ ಸಲ ಹಾರ್ಟಿನ ಜೊತೆ, "ನೀನೇ ನಮಗೆಲ್ಲ ಸ್ಫೂರ್ತಿ" ಎಂದು ಬರೆದಿದ್ದಳು. ಸ್ಫೂರ್ತಿಯಂತೆ, ಸ್ಫೂರ್ತಿ! ಲೇ ಮೋಸಗಾರ್ತಿ ಅಂತ ಒಂದೇ ಒಂದು ಸಲ ಬರೆದಿದ್ದರೆ ಸಾಕಾಗಿತ್ತು ನನಗೆ.