ಅತ್ತೆಯ ಎಂಟು ಗಂಟೆ

ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಸರ್ಕಾರ ದೇಶದ ಗಡಿಯಾರಗಳನ್ನೆಲ್ಲ ಒಂದು ಗಂಟೆ ಮುಂದಕ್ಕೆ ತಳ್ಳಿತು. ಭದ್ರಾವತಿಯ ಕಾರ್ಖಾನೆಯ ಸೈರನ್ನು, ರೈಲು, ನಮ್ಮ ಯಜಮಾನರ ಕೈಗಡಿಯಾರ ಎಲ್ಲವೂ ಹೊಸ ಟೈಮಿಗೆ ಒಗ್ಗಿಕೊಂಡವು. ನಮ್ಮ ಮನೆಯ ಗೋಡೆ ಗಡಿಯಾರವನ್ನು ಮಾತ್ರ ಅತ್ತೆ ಮುಟ್ಟಗೊಡಲಿಲ್ಲ. "ಸೂರ್ಯ ಏನು ಕಾರ್ಖಾನೆ ಕೆಲಸಕ್ಕೆ ಹೋಗ್ತಾನಾ?" ಎಂದು ಮಗನ ಬಾಯಿ ಮುಚ್ಚಿಸಿದರು.

ಆ ವರ್ಷ ನನಗೆ ಮದುವೆಯಾದ ಮೇಲಿನ ಮೊದಲ ಗೌರಿ ಹಬ್ಬ. ಶಿವಮೊಗ್ಗದಲ್ಲಿದ್ದ ಅಮ್ಮನನ್ನು ನೋಡಲು ಜೀವ ಹಾತೊರೆಯುತ್ತಿತ್ತು. ಸೋಮವಾರ ಬೆಳಿಗ್ಗೆ ಎಂಟರ ರೈಲಿಗೆ ಹೋಗುವುದೆಂದು ಯಜಮಾನರು ಹೇಳಿದ್ದೇ ತಡ, ಅತ್ತೆ ಪಂಚಾಂಗ ತೆಗೆದರು.

"ಸೋಮವಾರ ಏಳೂವರೆಯಿಂದ ಒಂಬತ್ತರ ತನಕ ರಾಹುಕಾಲ. ಹೊರಡೋ ಹಾಗಿಲ್ಲ ಮಾರಾಯ್ತಿ. ಹಬ್ಬ ಇಲ್ಲೇ ಮಾಡೋಣ."

"ಅತ್ತೆ, ರೈಲಿನ ಎಂಟು ಅಂದ್ರೆ ನಮ್ಮ ಗೋಡೆ ಗಡಿಯಾರದ ಏಳು. ರಾಹುಕಾಲ ಇನ್ನೂ ಬಂದಿರಲ್ಲ."

"ಎಂಟು ಅಂದ್ರೆ ಎಂಟೇ."

ಮಿಡ್ಲ್ ಸ್ಕೂಲಿನಲ್ಲಿ ಕಲಿತ ಭೂಗೋಳವನ್ನೆಲ್ಲ ಹೊರತೆಗೆದೆ. ತೆಂಗಿನಕಾಯಿಯನ್ನು ದೀಪದ ಮುಂದೆ ತಿರುಗಿಸಿ ತೋರಿಸಿದೆ. ಪೇಪರಿನ ಯುದ್ಧದ ಸುದ್ದಿಯಲ್ಲಿ ಬರುತ್ತಿದ್ದ ಪೆಸಿಫಿಕ್ ಸಾಗರದ ದ್ವೀಪಗಳಲ್ಲಿ, ನಾವು ಹಲ್ಲುಜ್ಜುವ ಹೊತ್ತಿಗೆ ಅವರು ಮಧ್ಯಾಹ್ನದ ಊಟಕ್ಕೆ ಕೂತಿರುತ್ತಾರೆ ಎಂದೆ. ಅಲ್ಲಿ ಸಮುದ್ರದ ತುಂಬ ಚೆಲ್ಲಿಕೊಂಡಿರುವ ಹತ್ತಾರು ದ್ವೀಪಗಳಿಗೆ ಒಂದೇ ಟೈಮು, ನಮ್ಮ ಮೂರು ಜನರ ಮನೆಗೆ ಎರಡು ಎಂದೂ ಸೇರಿಸಿದೆ. ನನಗೆ ಕೊಂಚ ಜಂಬವೂ ಇತ್ತು.

"ಪಾಪ, ರಾಹು ಒಬ್ಬನೇ ಅಷ್ಟೂ ದ್ವೀಪ ಸುತ್ತಬೇಕಲ್ಲೇ! ಆ ಕಾಯಿ ಕೆಳಗಿಡು, ಹಬ್ಬಕ್ಕೆ ಬೇಕು," ಎಂದರು ಅತ್ತೆ.

ನನಗೆ ಸಿಟ್ಟು, ಅಳು ಎರಡೂ ಒಟ್ಟಿಗೆ ಬಂದವು. ಭಾನುವಾರ ಮಧ್ಯಾಹ್ನ ಮೂತಿ ಊದಿಸಿಕೊಂಡು, ಮಜ್ಜಿಗೆ ಅನ್ನ ಬೇಡವೆಂದು ಎದ್ದುಬಿಟ್ಟೆ. ಸ್ವಲ್ಪ ಹೊತ್ತಿಗೆ ನೋಡಿದರೆ, ಅತ್ತೆ ನನ್ನ ಟ್ರಂಕನ್ನು ತಾವೇ ಎತ್ತಿಕೊಂಡು ಹೋಗಿ ಪಕ್ಕದ ತಮಿಳರ ಮನೆಯ ಜಗಲಿಯ ಮೇಲಿಟ್ಟು ಬಂದರು. ಒಳ್ಳೆಯ ಹೊತ್ತಿನಲ್ಲಿ ಸಾಮಾನು ಹೊಸ್ತಿಲು ದಾಟಿದರೆ ನಾವೂ ಹೊರಟಂತೆಯೇ. ಆಮೇಲೆ ರಾಹುಕಾಲದ ಗೊಡವೆಯಿಲ್ಲ. ಅದಕ್ಕೆ ಪರಸ್ಥಾನ ಇಡುವುದು ಅನ್ನುತ್ತಿದ್ದರು. ನಾನು ಓಡಿಹೋಗಿ, ಬಿಟ್ಟಿದ್ದ ಮಜ್ಜಿಗೆ ಅನ್ನ ಉಂಡೆ.

ಮರುದಿನ ಅತ್ತೆ ಸ್ಟೇಷನ್ನಿಗೂ ಬಂದರು. ರೈಲು ಕೂಗಿದಾಗ ಕಿಟಕಿಗೆ ಮುಖ ತಂದು ಮೆಲ್ಲಗೆ ಹೇಳಿದರು:

"ವಾಪಸ್ ಬರೋವಾಗ ಹೊಸ ಟೈಮಲ್ಲೇ ಬಾ, ಆಯ್ತಾ? ಹಳೇದಕ್ಕಿಂತ ಒಂದು ಗಂಟೆ ಮುಂಚೇನೇ ಬರ್ತೀಯ."

ಎಲ್ಲ ಗೊತ್ತಿತ್ತು ಆ ಮಹಾತಾಯಿಗೆ. ನನ್ನನ್ನು ಕಳಿಸಲು ಮನಸ್ಸಿರಲಿಲ್ಲ, ಅಷ್ಟೇ. ಅಮ್ಮನ ಮನೆಗೆ ಕುಣಿಯುತ್ತಾ ಹೊರಟವಳು ಕಣ್ಣೊರೆಸಿಕೊಳ್ಳುತ್ತಾ ಕೂತೆ.