ಮೊದಲ ಹಿಡಿ ಹುಳು

ರೇಷ್ಮೆಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಮುನಿರತ್ನಮ್ಮ ಮೊದಲ ಹಿಡಿ ಹುಳು ಬಿಟ್ಟರೆ ಅದರ ತುಂಬ ಗೂಡು ಎಂದು ಕ್ಯಾಲನೂರಿನ ಆ ಬೀದಿಯವರು ಹೇಳುತ್ತಿದ್ದರು. ಹುಳು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾದ ಮನೆಯವರೆಲ್ಲ ಆಕೆಯನ್ನೇ ಕರೆಯುತ್ತಿದ್ದರು. ಯೇಸುವನ್ನು ನಂಬಿದ ಮೇಲೆ ಆಕೆ, ‘ಕೈಗುಣ ಅಂತ ಏನೂ ಇಲ್ಲ, ಎಲ್ಲಾ ಕರ್ತನ ಕೃಪೆ. ಪೂಜೆ ಮಾಡಿದ ಚಂದ್ರಿಕೆ ನಾನು ಮುಟ್ಟಲ್ಲ’ ಎಂದುಬಿಟ್ಟಳು, ಕರೆಯುವವರು ಇಲ್ಲವಾದರು. ಹಾಲು ಉಕ್ಕಿದರೂ ಯೇಸುವಿಗೆ ಸ್ತೋತ್ರ, ಬಸ್ಸು ತಪ್ಪಿದರೂ ಸ್ತೋತ್ರ, ಕಾಲಿಗೆ ಮುಳ್ಳು ಚುಚ್ಚಿದರೆ ಎರಡು ಸ್ತೋತ್ರ. ಪ್ರಸಾದವನ್ನು ಎಷ್ಟು ಮೆತ್ತಗೆ ಬೇಡವೆನ್ನುತ್ತಿದ್ದಳೆಂದರೆ, ತಂದವರೇ ತಪ್ಪು ಮಾಡಿದವರಂತೆ ಹಿಂತಿರುಗುತ್ತಿದ್ದರು. ಎದುರುಮನೆಯ ಬೈರಮ್ಮನಿಗೆ ಇಷ್ಟು ಹಟ ಯಾಕೆಂದು ಕುತೂಹಲ. ‘ಯೇಸಪ್ಪನ್ನೂ ಮಡಗು, ಮುನೇಶ್ವರನ್ನೂ ಮಡಗು. ಅಷ್ಟುದ್ದ ಗೋಡೇಲಿ ಇಬ್ರಿಗೆ ಜಾಗ ಇಲ್ವೇನೇ?’ ‘ಗೋಡೇಲಿ ಐತೆ ಕಣೇ, ನನ್ನಲ್ಲಿಲ್ಲ.’ ಗಂಡ ಸತ್ತ ಮೇಲೆ ಮುನಿರತ್ನಮ್ಮ ಇದ್ದದ್ದು ತಮ್ಮ ಶ್ರೀನಿವಾಸಪ್ಪನ ಮನೆಯಲ್ಲಿ. ಈ ವರ್ಷ ಕುಲದೇವರ ಹಬ್ಬದಲ್ಲಿ ದೀಪ ಹೊರಲಾರೆ ಎಂದು ಆಕೆ ಹೇಳಿದಾಗ, ‘ಹಂಗಾದ್ರೆ ಈ ಮನೇಲಿ ಇರೋಕಾಗಲ್ಲ ಅಕ್ಕಯ್ಯ’ ಎಂದವನೂ ಅವನೇ. ಆಕೆ ವೇಮಗಲ್‌ನಲ್ಲಿ ಬಾಡಿಗೆ ಕೋಣೆ ಹುಡುಕಿಕೊಂಡಳು. ಹೊರಡುವ ಬೆಳಿಗ್ಗೆ ಚೀಲ ಎತ್ತಿಕೊಂಡು ನಡುಮನೆಗೆ ಬಂದರೆ, ತಮ್ಮ ಹಣ್ಣಾದ ಹುಳುಗಳ ತಟ್ಟೆ ಹಿಡಿದು ಚಂದ್ರಿಕೆಯ ಪಕ್ಕದಲ್ಲಿ ನಿಂತಿದ್ದ. ‘ಪೂಜೆ ಇನ್ನೂ ಮಾಡಿಲ್ಲ’ ಎಂದ, ಮುಖ ನೋಡದೆ. ‘ನೀನು ಹೋದ್ಮೇಲೆ ಮಾಡ್ಕೋತೀನಿ.’ ಮುನಿರತ್ನಮ್ಮ ಚೀಲ ಇಳಿಸಿ, ಕೈ ತೊಳೆದು, ಒಂದು ಹಿಡಿ ಹುಳುವನ್ನು ಚಂದ್ರಿಕೆಗೆ ಬಿಟ್ಟಳು. ‘ಸ್ತೋತ್ರ’ ಎಂದಳು. ಆ ಮಾತಿಗೆ ಯಾವಾಗಲೂ ನಗುತ್ತಿದ್ದ ಶ್ರೀನಿವಾಸಪ್ಪ ಈ ಸಲ ನಗಲಿಲ್ಲ. ಅಕ್ಕ ಹೊಸ್ತಿಲು ದಾಟಿ ಬೀದಿಗೆ ಇಳಿಯುವವರೆಗೂ ತಟ್ಟೆ ಹಿಡಿದೇ ನಿಂತಿದ್ದ.