ಹದಿನಾಲ್ಕನೇ ನಂಬರಿನ ಕಾರ್ಡು

ನಮ್ಮ ರೈಫಲ್ ಕ್ಲಬ್ಬಿನಲ್ಲಿ ಗುಂಡು ಹೊಡೆಯಲು ಬಾರದವರಿಗೆ ಅಂಕ ಎಣಿಸುವ ಕೆಲಸ ಕೊಡುತ್ತಿದ್ದರು. ನಾನು ಆರು ವರ್ಷ ಅಂಕ ಎಣಿಸಿದೆ.

ನನ್ನ ಗುರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದು ಕಾರ್ಡಿನಲ್ಲಿ ಹತ್ತು ಸಣ್ಣ ವೃತ್ತ, ವೃತ್ತಕ್ಕೊಂದು ಗುಂಡು. ನಾನು ಕೊನೆಯ ಸಲ ಸ್ಪರ್ಧೆಗೆ ನಿಂತಾಗ ನನ್ನ ಕಾರ್ಡಿನಲ್ಲಿ ಏಳು ತೂತು ಸಿಕ್ಕವು, ಪಕ್ಕದವನ ಕಾರ್ಡಿನಲ್ಲಿ ಹದಿಮೂರು. ಪಕ್ಕದವನು ಅದನ್ನು ದೊಡ್ಡ ಮನಸ್ಸಿನಿಂದ ತೆಗೆದುಕೊಳ್ಳಲಿಲ್ಲ.

ಇದು ತೊಂಬತ್ತರ ದಶಕದ ಕೊನೆಯ ಮಾತು. ಬೈಲಹೊಂಗಲದ ಮಾರ್ಕೆಟ್ಟಿನ ಹಿಂದೆ ಒಂದು ಹಳೆಯ ಹತ್ತಿ ಗೋದಾಮು ನಮ್ಮ ರೇಂಜ್ ಆಗಿತ್ತು. ಹತ್ತು ಮೀಟರ್ ದೂರದಲ್ಲಿ ಕಾರ್ಡು ನಿಲ್ಲಿಸಿ ಏರ್ ರೈಫಲ್‌ನಿಂದ ಹೊಡೆಯುವ ಸ್ಪರ್ಧೆ. ಕಾರ್ಡುಗಳ ಹಿಂದೆ ದಪ್ಪ ತಗಡು, ತಗಡಿನ ಹಿಂದೆ ಯಾರೋ ಬಿಟ್ಟುಹೋದ ಎರಡು ಅಂಡಿಗೆ ಹತ್ತಿ, ಆಳೆತ್ತರದ ಮೂಟೆಗಳು. ಆ ಹತ್ತಿಯ ಎಳೆ ಗಾಳಿಯಲ್ಲಿ ತೇಲಿಕೊಂಡು ಬಂದು, ಸರಿಯಾಗಿ ಟ್ರಿಗರ್ ಒತ್ತುವ ಹೊತ್ತಿಗೆ ಮೂಗಿನ ಮೇಲೆ ಕೂರುತ್ತಿತ್ತು. ತಿಂಗಳಿಗೊಂದು ರವಿವಾರ ಸ್ಪರ್ಧೆ. ಒಮ್ಮೆ ನಮ್ಮಲ್ಲಿ, ಒಮ್ಮೆ ಕಿತ್ತೂರಿನ ಒಂದು ಹಾಲ್‌ನಲ್ಲಿ ಪಾರಿವಾಳಗಳ ಕೆಳಗೆ, ಒಮ್ಮೆ ಸವದತ್ತಿಯಲ್ಲಿ ಮದುವೆ ಇಲ್ಲದ ದಿನ ನೋಡಿ ಕಲ್ಯಾಣ ಮಂಟಪದಲ್ಲಿ, ಒಮ್ಮೆ ರಾಮದುರ್ಗದ ಮಗ್ಗದ ಶೆಡ್ಡಿನ ಪಕ್ಕದಲ್ಲಿ. ರಾಮದುರ್ಗದವರಿಗೆ ಮಗ್ಗದ ಎರಡು ಹೊಡೆತಗಳ ನಡುವೆ ಗುಂಡು ಬಿಡುವ ರೂಢಿ. ನಮ್ಮ ಗೋದಾಮಿಗೆ ಬಂದರೆ ಸದ್ದಿಲ್ಲದ್ದಕ್ಕೇ ಅವರ ಗುರಿ ತಪ್ಪುತ್ತಿತ್ತು.

ಇದನ್ನೆಲ್ಲ ಕಟ್ಟಿದವರು ಮಿಲಿಟರಿಯಿಂದ ನಿವೃತ್ತರಾಗಿ ಬಂದ ಸುಬೇದಾರರು. ಅವರು ಒಂದೊಂದು ಶಬ್ದಕ್ಕೂ ಒಂದು ಪೂರ್ಣವಿರಾಮ ಇಟ್ಟು ಮಾತಾಡುವವರು. "ಚಹಾ. ತಗೊಂಡ. ಬಾ." ಎಂದರೆ ಚಹಾದ ಅಂಗಡಿಯೇ ಎದ್ದು ಬರಬೇಕು, ಹಾಗೆ.

ನನಗೆ ಎಲ್ಲರ ದನಿ ತೆಗೆಯುವ ಚಟ. ಮಾರ್ಕೆಟ್ಟಿನಲ್ಲಿ ಹತ್ತಿ ಸವಾಲು ಕೂಗುವ ಅಪ್ಪನ ದನಿ, ಮಾತಿಗೆ ಮೊದಲು ಮೂರು ಸಲ ಕೆಮ್ಮುವ ಕಿತ್ತೂರಿನ ಕಂಪೌಂಡರನ ದನಿ, ಗುಂಡು ತಪ್ಪಿದಾಗ ಬಂದೂಕನ್ನು ಬೈಯುವ ನನ್ನದೇ ದನಿ. ಒಂದು ದಿನ ಅಭ್ಯಾಸ ನಡೆದಿದ್ದಾಗ ಅಂಡಿಗೆಯ ಮರೆಯಲ್ಲಿ ಕೂತು, "ಸ್ಟಾಪ್. ಬಂದೂಕು. ಕೆಳಗ." ಎಂದೆ. ಒಂಬತ್ತು ಜನ ತಕ್ಷಣ ಬಂದೂಕು ಕೆಳಗಿಟ್ಟರು. ಆ ಒಂಬತ್ತು ಜನರಲ್ಲಿ ಸುಬೇದಾರರೂ ಒಬ್ಬರು.

ಮರುವಾರವೇ ಕ್ಲಬ್ಬಿಗೆ ಸೀಟಿ ಬಂತು. ಇನ್ನು ಮುಂದೆ ಬಾಯಿಂದ ಆಜ್ಞೆ ಇಲ್ಲ, ಒಂದು ಸೀಟಿಗೆ ಶುರು, ಎರಡು ಸೀಟಿಗೆ ಬಂದ್. ನಾಲ್ಕು ಊರಿನ ಶೂಟಿಂಗಿಗೆ ನಾನು ಮಾಡಿದ ಮೊದಲ ಸುಧಾರಣೆ ಇದು. ಬೇರೆ ಯಾರೂ ಹೇಳುವುದಿಲ್ಲ ಎಂದು ನಾನೇ ಹೇಳುತ್ತಿದ್ದೇನೆ.

ಎರಡನೇ ಸುಧಾರಣೆ ಬಂದದ್ದು ಸಂಪಗಾಂವದ ಹುಡುಗಿಯಿಂದ. ಕಾಲೇಜಿನ ಎರಡನೇ ವರ್ಷ, ಬಸ್ಸಿನಲ್ಲಿ ಬರುವಳು, ಕ್ಲಬ್ಬಿನ ಹಳೆಯ ರೈಫಲ್ಲಿನಲ್ಲೇ ಹೊಡೆಯುವಳು. ಗುಂಡು ಬಿಡುವ ಮೊದಲು ಅವಳು ಉಸಿರು ಹಿಡಿದರೆ ನಮಗೂ ಉಸಿರು ಕಟ್ಟುತ್ತಿತ್ತು. ಅವಳಿಗೆ ರಾಜ್ಯ ಮಟ್ಟದ ಸ್ಪರ್ಧೆಗೆ ಹೋಗಬೇಕಿತ್ತು. ಹೋಗಲು ನಾಲ್ಕು ಕಾರ್ಡಿನಲ್ಲಿ, ಅಂದರೆ ನಾಲ್ಕುನೂರಕ್ಕೆ ಮುನ್ನೂರ ಅರವತ್ತು ಅಂಕ ಬೇಕು. ಅದೂ ಮಾನ್ಯತೆ ಇದ್ದ ಸ್ಪರ್ಧೆಯಲ್ಲಿ. ನಮ್ಮ ಸ್ಪರ್ಧೆಗೆ ನಾವು ನಾಲ್ಕು ಊರಿನವರು ಬಿಟ್ಟರೆ ಮಾನ್ಯತೆ ಕೊಟ್ಟವರು ಯಾರೂ ಇರಲಿಲ್ಲ.

ಸುಬೇದಾರರು ಬೆಳಗಾವಿಗೆ ಮೂರು ಸಲ ಓಡಾಡಿ ಒಬ್ಬ ನಿರೀಕ್ಷಕರನ್ನು ಒಪ್ಪಿಸಿ ಬಂದರು. "ಆ ಹುಡುಗಿ ಈ ವರ್ಷ ಹೋಗಬೇಕು. ಹೋಗೇ. ಹೋಗಬೇಕು," ಎಂದರು. ಷರತ್ತು ಎರಡು. ಕಾರ್ಡಿನ ಮೇಲೆ ಹೆಸರು ಇರಕೂಡದು, ಹಿಂದೆ ಬರೀ ನಂಬರು. ಯಾರ ನಂಬರು ಯಾವುದು ಎಂಬ ಪಟ್ಟಿ ಮುಚ್ಚಿದ ಲಕೋಟೆಯಲ್ಲಿ. ಇನ್ನೊಂದು, ನಾಲ್ಕು ಊರಿನಿಂದ ಒಬ್ಬೊಬ್ಬರು ಒಂದೇ ಮೇಜಿಗೆ ಕೂತು ಅಂಕ ಎಣಿಸಬೇಕು. ಎಣಿಕೆ ನಮ್ಮಲ್ಲಿ ಮೊದಲಿನಿಂದಲೂ ಹಾಗೇ ಇತ್ತು, ಬೈಲಹೊಂಗಲದಿಂದ ನಾನು, ಕಿತ್ತೂರಿನಿಂದ ಕಂಪೌಂಡರ, ಸವದತ್ತಿಯಿಂದ ಗಣಿತದ ಮಾಸ್ತರರು, ರಾಮದುರ್ಗದಿಂದ ಒಬ್ಬ ನೇಕಾರ.

ನಿರೀಕ್ಷಕರು ಬಂದರು. ಸ್ಪರ್ಧೆ ಮುಗಿಯಿತು. ನಾವು ನಾಲ್ವರು ಎಣಿಸಿ ಕೊಟ್ಟ ಕಾರ್ಡುಗಳನ್ನು ಅವರು ಫಲಿತಾಂಶ ಓದುವ ಮೊದಲೇ ಇಸಿದುಕೊಂಡು, ಕಿಸೆಯಿಂದ ಒಂದು ಸಣ್ಣ ಹಿತ್ತಾಳೆಯ ಗೇಜು ತೆಗೆದರು. ಅದನ್ನು ತೂತಿನಲ್ಲಿ ಇಳಿಸಿ ಭೂತಗನ್ನಡಿಯಲ್ಲಿ ನೋಡಿದರೆ, ಅಂಚು ಗೆರೆಗೆ ಮುಟ್ಟಿದೆಯೋ ಇಲ್ಲವೋ ತಿಳಿಯುತ್ತದೆ. ಮುಟ್ಟಿದರೆ ಮೇಲಿನ ಅಂಕ, ಇಲ್ಲದಿದ್ದರೆ ಕೆಳಗಿನದು. ನಮ್ಮಲ್ಲಿ ಅಲ್ಲಿಯತನಕ ಗೇಜಿನ ಕೆಲಸವನ್ನು ಮಾಸ್ತರರ ಕನ್ನಡಕ ಮಾಡುತ್ತಿತ್ತು.

ಎಲ್ಲ ಕಾರ್ಡು ಸರಿ ಬಂದವು. ಹದಿನಾಲ್ಕನೇ ನಂಬರಿನವು ಮಾತ್ರ ಬರಲಿಲ್ಲ. ಅದರಲ್ಲಿ ಇಪ್ಪತ್ತೊಂದು ಅಂಕ ಜಾಸ್ತಿ.

ನಿರೀಕ್ಷಕರು ಗೇಜನ್ನು ಒರೆಸಿ ಡಬ್ಬಿಗೆ ಹಾಕಿದರು. "ಇದು ಅಂಕ ಎಣಿಸೂದಲ್ರಿ, ಬೀಗರಿಗೆ ಊಟಕ್ಕ ಬಡಸೂದು," ಎಂದರು. "ಹೊಡದವರದೇನೂ ತಪ್ಪಿಲ್ಲ, ಎಣಿಸಿದವರದು. ಲಕೋಟಿ ನಾ ತಗಿಯೂದಿಲ್ಲ. ಮುಂದಿನ ತಿಂಗಳ ಇನ್ನೊಮ್ಮೆ ಬರತೇನಿ. ಆಗೂ ಹಿಂಗ ಆತಂದ್ರ ಮೂರನೇ ಸಲ ಬರೂದಿಲ್ಲ."

ಲಕೋಟೆ ಒಡೆಯದಿದ್ದರೂ ಎಲ್ಲರಿಗೂ ಗೊತ್ತಿತ್ತು, ಅಂದಿನ ಮುನ್ನೂರ ಅರವತ್ತೆರಡು ಸಂಪಗಾಂವದ ಹುಡುಗಿಯದೇ. ಅದು ನೀರಿನಲ್ಲಿ ಹೋಯಿತು. ಅವಳು ರೈಫಲ್ ಒರೆಸಿಟ್ಟು, ಬಸ್ ತಪ್ಪುತ್ತದೆ ಎಂದು ಹೊರಟಳು.

ಸುಬೇದಾರರ ಮುಖ ಇಟ್ಟಿಗೆಯ ಬಣ್ಣಕ್ಕೆ ಬಂದಿತ್ತು. ನನ್ನನ್ನು ಬಾಗಿಲ ಹತ್ತಿರ ಕರೆದರು.

"ಯಾರಲೇ ಅಂವ?"

"ಯಾರ್ರೀ ಸಾಹೇಬ್ರ?"

"ಹದಿನಾಲ್ಕು. ನಂಬರಿನಾಂವ. ಯಾರ ಮಾರಿ ನೋಡಿ ಕೊಟ್ಟೀರಿ ಅಂತ ನನಗ ಗೊತ್ತಾಗಬೇಕು. ಲಕೋಟಿ ಒಡಿಬ್ಯಾಡ. ನಾಲ್ಕೂ ಊರಾಗ ವಿಚಾರಣೆ ಮಾಡು. ರವಿವಾರದೊಳಗ. ಹೇಳು."

ಸುಬೇದಾರರಿಗೆ ತಮ್ಮ ನಂಬರು ಗೊತ್ತಿರಲಿಲ್ಲ. ಹೊಡೆಯುವವರು ಯಾರೂ ಕಾರ್ಡಿನ ಹಿಂದೆ ನೋಡಬಾರದು ಎಂದು ನಿಯಮ ಮಾಡಿದವರೇ ಅವರು, ನಿಯಮ ಪಾಲಿಸಿದವರೂ ಅವರೊಬ್ಬರೇ. ನಾನು ಸಲಾಂ ಹೊಡೆದು, ಅವರ ಮೇಲೆಯೇ ವಿಚಾರಣೆ ಮಾಡಲು ಅವರಿಂದಲೇ ನೇಮಕಗೊಂಡು ಹೊರಟೆ.

ನಿಜವಾಗಿ ವಿಚಾರಿಸುವುದು ಏನೂ ಇರಲಿಲ್ಲ. ಸುಬೇದಾರರು ಹೊಡೆಯುವ ಮೊದಲು ಕಿಸೆಯಿಂದ ವಿಭೂತಿ ಗಟ್ಟಿ ತೆಗೆದು ಮೂರು ಬೆರಳಿನಿಂದ ಹಣೆಗೆ ಎಳೆದುಕೊಳ್ಳುತ್ತಿದ್ದರು. ಅದೇ ಬೆರಳಿನಿಂದ ಕಾರ್ಡನ್ನು ಚೌಕಟ್ಟಿಗೆ ಸಿಕ್ಕಿಸುತ್ತಿದ್ದರು. ಕಾರ್ಡಿನ ಮೂಲೆಯಲ್ಲಿ ಮೂರು ಬಿಳಿ ಗೆರೆ. ಹಿಂದೆ ಹೆಸರಿದ್ದರೂ ಅಷ್ಟೇ, ನಂಬರಿದ್ದರೂ ಅಷ್ಟೇ. ಅವರಿಗೆ ಅರವತ್ತೈದು ದಾಟಿತ್ತು. ಗುಂಡುಗಳು ಎರಡು ವರ್ಷದಿಂದ ನಡುವಿನ ಚುಕ್ಕೆಯನ್ನು ಬಿಟ್ಟು ಸುತ್ತಮುತ್ತ ತಿರುಗಾಡಲು ಹತ್ತಿದ್ದವು. ಒಂಬತ್ತರ ಗೆರೆಯ ಹತ್ತಿರ ಒಂದು ತೂತು ಕಂಡರೆ, ಆ ಮೂರು ಗೆರೆ ನೋಡಿ, ನನ್ನ ಪೆನ್ನು ತಾನೇ ಒಂಬತ್ತು ಬರೆಯುತ್ತಿತ್ತು. ಇದು ನನ್ನೊಬ್ಬನ ಗುಟ್ಟು ಎಂದು ತಿಳಿದಿದ್ದೆ.

ಆದರೂ ಆಜ್ಞೆ ಆಜ್ಞೆ. ಮೊದಲು ಕಿತ್ತೂರಿಗೆ ಹೋದೆ. ಕಂಪೌಂಡರ ಮೂರು ಸಲ ಕೆಮ್ಮಿದ. "ನಾ ಒಬ್ಬನ ಕೊಡಾಕ ಹತ್ತೇನಿ ಅಂದ್ಕೊಂಡಿದ್ದೆ ನೋಡಪಾ," ಎಂದ.

ಸವದತ್ತಿಯ ಮಾಸ್ತರರು ಪರೀಕ್ಷೆಯಲ್ಲಿ ಅರ್ಧ ಅಂಕಕ್ಕೂ ಹುಡುಗರನ್ನು ಅಳಿಸುವವರು. ಅವರು ಕನ್ನಡಕ ತೆಗೆದು, "ಹಿರೇರು ಹೊಡದದ್ದಕ್ಕ ಏಳು ಅಂತ ಬರಿಯಾಕ ಕೈ ಹೆಂಗ ಬರಬೇಕು? ನೀನ ಹೇಳು," ಎಂದರು.

ರಾಮದುರ್ಗದ ನೇಕಾರ ಮಗ್ಗ ನಿಲ್ಲಿಸಲೇ ಇಲ್ಲ. "ನೀವು ಮೂರೂ ಮಂದಿ ಕೊಡತಿದ್ರಿ ಅಂತ ಗೊತ್ತಿದ್ರ ನಾ ಬಿಡತಿದ್ನಲ್ಲೋ," ಎಂದ. "ಒಬ್ಬರು ಕೊಟ್ರ ಸಾಕಿತ್ತು."

ಒಂದೊಂದು ಕಾರ್ಡು ನಾಲ್ವರ ಕೈ ದಾಟುತ್ತಿತ್ತು. ನಾಲ್ವರೂ ಮರ್ಯಾದೆ ಸೇರಿಸಿ, ಯಾರೂ ಯಾರಿಗೂ ಹೇಳದೆ, ಒಬ್ಬ ಮನುಷ್ಯನನ್ನು ಎರಡು ವರ್ಷ ಚಾಂಪಿಯನ್ ಮಾಡಿ ಇಟ್ಟಿದ್ದೆವು.

ಬೈಲಹೊಂಗಲ ಬಸ್ ಸ್ಟ್ಯಾಂಡಿನಲ್ಲಿ ಸಂಪಗಾಂವದ ಹುಡುಗಿ ಸಿಕ್ಕಳು. "ವಿಚಾರಣಿ ಎಲ್ಲಿತನಕ ಬಂತು ಅಣ್ಣಾ?" ಎಂದಳು.

"ನಡದೈತಿ. ಭಾಳ ತೊಡಕಿನ ಕೇಸು."

"ಮುಂದಿನ ಸಲ ನಾನೂ ಕಾರ್ಡಿಗೆ ಒಂಚೂರು ವಿಭೂತಿ ಹಚ್ಚಲೇನು?"

ನನಗೆ ಯಾರ ದನಿಯೂ ನೆನಪಾಗದ ದಿನಗಳಲ್ಲಿ ಅದೂ ಒಂದು.

ರವಿವಾರ ಮಧ್ಯಾಹ್ನ ಗೋದಾಮಿಗೆ ಹೋದಾಗ ಸುಬೇದಾರರು ಒಬ್ಬರೇ ಕೂತು ಹುಡುಗಿ ಹೊಡೆಯುವ ರೈಫಲ್ಲಿನ ನಳಿಗೆಗೆ ಬಟ್ಟೆ ಎಳೆಯುತ್ತಿದ್ದರು.

"ಹೂಂ. ಯಾರಂವ?"

"ಅದ್ರೀ ಸಾಹೇಬ್ರ... ಅಂದ್ರ ಹೆಂಗಂದ್ರ... ನಾಲ್ಕೂ ಊರಾಗ..."

"ನಿನ್ನ ದನಿಯಾಗ ಹೇಳಾಕ ಬರವಲ್ದಂದ್ರ ಮತ್ತ್ಯಾರದರ ದನಿಯಾಗ ಹೇಳು. ಊರ ಮಂದಿ ದನಿ ಇಟಗೊಂಡಿ."

ಕಂಪೌಂಡರನ ದನಿಯಲ್ಲಿ ಮೂರು ಸಲ ಕೆಮ್ಮಿದೆ. ಮುಂದೆ ಹೋಗಲಿಲ್ಲ. ಮಾಸ್ತರರ ದನಿಯಲ್ಲಿ ಪ್ರಯತ್ನಿಸಿದೆ, ಆಗಲಿಲ್ಲ. ಕೊನೆಗೆ ಉಳಿದದ್ದು ಒಂದೇ.

"ಹದಿನಾಲ್ಕು," ಎಂದೆ ಅವರ ದನಿಯಲ್ಲಿ. "ನಂಬರು. ನಾನು."

ಅವರು ಬಟ್ಟೆಯನ್ನು ನಳಿಗೆಯ ಈ ತುದಿಯಿಂದ ಆ ತುದಿಗೆ ಪೂರ್ತಿ ಎಳೆದರು. ನಳಿಗೆಯಲ್ಲಿ ಕಣ್ಣಿಟ್ಟು ಬೆಳಕು ನೋಡಿದರು.

"ಎಷ್ಟ ದಿನದಿಂದ?"

"ಎರಡ ವರ್ಷ್ರಿ."

"ಅದರಾಗ ಸಂಪಗಾಂವದಾಕಿ ಎಷ್ಟ ಸಲ ಎರಡನೇ ನಂಬರ ಬಂದಾಳ?"

"ಹನ್ನೊಂದ ಸಲ್ರಿ."

"ಅಕಿಗೆ ಗೊತ್ತೈತಿ?"

"ಗೊತ್ತೈತ್ರಿ. ನಾನೂ ವಿಭೂತಿ ಹಚ್ಚಲೇನು ಅಂತ ಕೇಳಿದ್ಳು."

ಅಲ್ಲಿಯತನಕ ಅವರಿಗೆ ಕಾರ್ಡಿನ ಮೂಲೆಯ ಗೆರೆಗಳ ಸುದ್ದಿ ಹೊಳೆದಿರಲಿಲ್ಲ. ಈಗ ತಮ್ಮ ಮೂರು ಬೆರಳು ನೋಡಿಕೊಂಡರು. ಆಮೇಲೆ ರೈಫಲ್ ಜೋಡಿಸಿದರು, ಅದಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

"ಮರ್ಯಾದಿ ಮಾಡೂದಿದ್ರ ಕುಂಡ್ರಾಕ ಖುರ್ಚಿ ಕೊಡ್ರಲೇ," ಎಂದರು. "ಅಂಕ ಯಾಕ ಕೊಡತೀರಿ."

ಮುಂದಿನ ತಿಂಗಳ ಸ್ಪರ್ಧೆಗೆ ಅವರು ಒಂದು ಬಕೀಟು ನೀರು, ಸಾಬೂನು, ಟವಲ್ಲು ತಂದು ನಮ್ಮ ಗೋದಾಮಿನ ಬಾಗಿಲಲ್ಲಿಟ್ಟರು. ಎಲ್ಲರೂ ಕೈ ತೊಳೆದು, ಒರೆಸಿಕೊಂಡೇ ಕಾರ್ಡು ಮುಟ್ಟಬೇಕು. ಮೊದಲು ತೊಳೆದವರು ಅವರೇ. ಹಣೆಯ ಮೇಲೆ ವಿಭೂತಿ ಇತ್ತು, ಬೆರಳಿನಲ್ಲಿ ಇರಲಿಲ್ಲ. ಇದು ಮೂರನೇ ಸುಧಾರಣೆ. ಕೈ ಯಾಕೆ ತೊಳೆಯಬೇಕು ಎಂದು ರಾಮದುರ್ಗದ ಹುಡುಗರು ಕೇಳಿದರೆ, ಸೀಸದ ಗುಂಡು ಮುಟ್ಟುವ ಕೈ, ಆರೋಗ್ಯಕ್ಕೆ ಒಳ್ಳೆಯದು ಎಂದೆ. ಹಾಗಿದ್ದರೆ ಹೊಡೆದ ಮೇಲೆ ತೊಳೆಯಬೇಕಲ್ಲ ಎಂದ ಒಬ್ಬ. ಬುದ್ಧಿವಂತ, ಅವನನ್ನು ಸಾಲಿನ ಕೊನೆಗೆ ನಿಲ್ಲಿಸಿದೆ.

ಎಣಿಸುವ ಮೇಜಿನಲ್ಲಿ ನಾವು ನಾಲ್ವರು ಹೆದರಿದ ಬೆಕ್ಕಿನಂತೆ ಕೂತಿದ್ದೆವು. ಯಾವ ಕಾರ್ಡು ಯಾರದೋ ತಿಳಿಯುತ್ತಿರಲಿಲ್ಲ. ಸುಬೇದಾರರದು ಇದೇ ಇರಬಹುದು ಎಂಬ ಸಂಶಯ ಪ್ರತಿ ಕಾರ್ಡಿನ ಮೇಲೂ ಬಂತು. ಅದಕ್ಕೆ ಗೆರೆಯ ಹತ್ತಿರದ ತೂತುಗಳಿಗೆಲ್ಲ ಕೆಳಗಿನ ಅಂಕವನ್ನೇ ಹಾಕುತ್ತ ಹೋದೆವು. ಯಾರಿಗೂ ಒಂದು ಎಳೆ ದಯೆ ತೋರಿಸಲಿಲ್ಲ. ಮಾಸ್ತರರಂತೂ ಕನ್ನಡಕ ಒರೆಸಿ ಒರೆಸಿ ಕಡಿಮೆ ಮಾಡಿದರು. ಎಲ್ಲರಿಗಿಂತ ಹೆಚ್ಚು ಅಂಕ ಬಂದ ಕಾರ್ಡು ಒಂಬತ್ತನೇ ನಂಬರಿನದು, ಮುನ್ನೂರ ಐವತ್ತೆಂಟು. ಅಂಥ ಹೊಡೆತ ಆ ಗೋದಾಮಿನಲ್ಲಿ ಒಬ್ಬಳದೇ. ಮುನ್ನೂರ ಅರವತ್ತಕ್ಕೆ ಎರಡು ಕಡಿಮೆ. ತಿದ್ದಬೇಕೆಂದು ಪೆನ್ನು ಎತ್ತಿದೆ. ಕಂಪೌಂಡರ ನನ್ನ ಕೈ ಹಿಡಿದು ಮೂರು ಸಲ ಕೆಮ್ಮಿದ. ಪೆನ್ನು ಕೆಳಗಿಟ್ಟೆ.

ನಿರೀಕ್ಷಕರು ಗೇಜು ಹಿಡಿದು ಕೂತರು. ಸುಬೇದಾರರು ಎದುರಿಗೆ ನಿಂತೇ ಇದ್ದರು. ಖುರ್ಚಿ ಕೊಟ್ಟೆವು, ಕೂರಲಿಲ್ಲ. ಹುಡುಗಿ ಬಾಗಿಲ ಬಕೀಟಿನ ಹತ್ತಿರ ಟವಲ್ಲನ್ನು ಮಡಚಿ ಬಿಚ್ಚಿ ಮಡಚುತ್ತಿದ್ದಳು.

ಒಂದು ತಾಸಿನ ಮೇಲೆ ನಿರೀಕ್ಷಕರು ತಲೆ ಎತ್ತಿದರು. "ಹೋದ ಸಲ ಒಬ್ಬರಿಗೆ ಬಡಸಿದ್ರಿ. ಈ ಸಲ ಎಲ್ಲಾರನೂ ಉಪಾಸ ಕೆಡವೀರಿ. ಒಂದೊಂದ ನಂಬರಿಗೆ ಎರಡು ಮೂರು ಅಂಕ ಕಡಿಮಿ."

ಮಾಸ್ತರರು ಕನ್ನಡಕ ತೆಗೆದು ಕಿಸೆಗೆ ಹಾಕಿದರು.

"ಆದ್ರ ಎಲ್ಲಾರಿಗೂ ಒಂದ ನಮೂನಿ ಕಡಿಮಿ ಮಾಡೀರಿ," ಎಂದರು. "ಕೈ ಗಟ್ಟಿ ಆತು, ಕಣ್ಣು ತಿದ್ದಿದ್ರ ಸಾಕು. ಈ ಗೇಜ ಇಟ್ಟ ಹೋಗತೇನಿ, ಕಲೀರಿ. ಒಂಬತ್ತನೇ ನಂಬರು ಮುನ್ನೂರ ಅರವತ್ತೊಂದು." ಕಾಗದಕ್ಕೆ ಸಹಿ ಹಾಕಿ, ಆಮೇಲೆ ಲಕೋಟೆ ಒಡೆದರು.

ಒಂಬತ್ತು ಸಂಪಗಾಂವದ ಹುಡುಗಿಯದೇ. ಟವಲ್ಲು ಬಕೀಟಿನೊಳಗೆ ಬಿತ್ತು.

ಫಲಿತಾಂಶ ಓದುವುದು ಯಾವಾಗಲೂ ಸುಬೇದಾರರ ಕೆಲಸ. ಅಂದು ಅವರು ಹಾಳೆಯನ್ನು ನನಗೆ ಕೊಟ್ಟರು. "ನೀ ಓದು. ನನ್ನ ದನಿಯಾಗ. ಎಲ್ಲಾರೂ ಕೇಳತಾರ."

ಓದಿದೆ. ಮೊದಲನೇ ಸ್ಥಾನ ಓದಿದಾಗ ಚಪ್ಪಾಳೆ ಬಂತು. ಎರಡು, ಮೂರು, ನಾಲ್ಕು, ಐದು ಓದಿದೆ. ಮುಂದಿನ ಸಾಲು ನೋಡಿ ನಿಂತೆ. ಅವರು ಓದು ಎಂಬಂತೆ ಗದ್ದ ಅಲ್ಲಾಡಿಸಿದರು.

"ಆರನೇ ಸ್ಥಾನ," ಎಂದೆ. "ಬೈಲಹೊಂಗಲ. ನಾನು."

ಆ ದನಿ ಕೇಳಿದ ರೂಢಿಗೆ ರಾಮದುರ್ಗದವನೊಬ್ಬ ಕೈಯಲ್ಲಿದ್ದ ಚಹಾದ ಕಪ್ಪನ್ನು ಮೆಲ್ಲಗೆ ಕೆಳಗಿಟ್ಟ.

ಸುಬೇದಾರರು ನನ್ನತ್ತ ತಿರುಗಿದರು. "ನಾ," ಎಂದರು, "ಹಿಂಗ. ಎಲ್ಲಿ. ಮಾತಾಡತೇನಿ."

ಮೊದಲು ನಕ್ಕವಳು ಹುಡುಗಿ. ಸುಬೇದಾರರು ನಾವು ಕೊಟ್ಟ ಖುರ್ಚಿಯನ್ನು ಎಳೆದುಕೊಂಡು ಕೂತರು.